ಗ್ರಾಫಿಕ್ಸ್ ಕಾರ್ಡ್ ಯಾವಾಗ ಬದಲಾಯಿಸಬೇಕು?



ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಈ ಗಾದೆ ಕಂಪ್ಯೂಟರಿಗೂ ಅನ್ವಯಿಸುತ್ತದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಕಂಪ್ಯೂಟರ್ ಕೋಣೆಗೆ ಅಂತ 12,000 ರೂಪಾಯಿ ಕೊಟ್ಟಿರುವುದು ಎಲ್ಲರಿಗೂ ಗೊತ್ತು. ಆ ಹಣದಲ್ಲಿ ಏನು ತರಬೇಕು ಎಂದು ಮುಂದಿನ ಎಸ್‌.ಡಿ.ಎಂ.ಸಿ. ಸಭೆಯಲ್ಲಿ ತೀರ್ಮಾನ ಆಗುತ್ತದೆ. ಅದಕ್ಕೆ ಮೊದಲು ಮಕ್ಕಳೂ ತಮ್ಮ ಅಭಿಪ್ರಾಯವನ್ನು ಗೋಡೆ ಪತ್ರಿಕೆಯಲ್ಲಿ ಬರೆಯಿರಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ "ಗ್ರಾಫಿಕ್ಸ್ ಕಾರ್ಡ್ ತರೋಣ" ಅಂತಾರೆ. ನಾನು "ಈ ವರ್ಷ ಬೇಡ" ಅಂತೀನಿ. ಬೇಡವೇ ಬೇಡ ಅಂತಲ್ಲ. ಯಾವಾಗ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಗ್ರಾಫಿಕ್ಸ್ ಕಾರ್ಡ್ ಎಂದರೇನು?

ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದೆ. ಅಡ್ಡ 1920 ಚುಕ್ಕೆ, ಉದ್ದ 1080 ಚುಕ್ಕೆ ಇರುವ ಪರದೆಯಲ್ಲಿ ಒಟ್ಟು ಎಷ್ಟು? ಗುಣಿಸಿ ನೋಡಿ, 20,73,600. ಆಟದಲ್ಲಿ ಚಿತ್ರ ತಡೆಯಿಲ್ಲದೆ ಓಡಬೇಕಾದರೆ ಒಂದು ಸೆಕೆಂಡಿಗೆ 60 ಸಲ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ 12,44,16,000 ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು! ಈಗ ಮದುವೆ ವೀಡಿಯೋದವರು 4ಕೆ ಅನ್ನುತ್ತಾರಲ್ಲ, ಅದು 3840 ಗುಣಿಸು 2160, ಅಂದರೆ 82,94,400 ಚುಕ್ಕೆ. ಮೊದಲಿನದಕ್ಕೆ ಸರಿಯಾಗಿ ನಾಲ್ಕು ಪಟ್ಟು.

ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಬಹಳ ಬುದ್ಧಿವಂತ, ಆದರೆ ಅದರಲ್ಲಿ ಕೆಲಸ ಮಾಡುವ ಭಾಗಗಳು ಕೆಲವೇ ಕೆಲವು. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಣ್ಣ ಲೆಕ್ಕ ಮಾಡುವ ನೂರಾರು, ಸಾವಿರಾರು ಭಾಗಗಳಿವೆ. ಒಬ್ಬ ಮೇಷ್ಟ್ರು ಒಬ್ಬರೇ ಕೂತು ಸಾವಿರ ಕೂಡುವ ಲೆಕ್ಕ ಮಾಡುವುದಕ್ಕೂ, ಇಡೀ ಶಾಲೆಯ ಮಕ್ಕಳು ಸಾಲಾಗಿ ಕೂತು ತಲಾ ಒಂದಿಷ್ಟು ಮಾಡುವುದಕ್ಕೂ ಇರುವ ವ್ಯತ್ಯಾಸ ಇದು. ಎನ್ವಿಡಿಯಾ ಕಂಪನಿಯ ಜಿ.ಟಿ.ಎಕ್ಸ್. 1050 ಟಿ.ಐ. ಎಂಬ ಕಾರ್ಡ್ 2016ರಲ್ಲಿ ಬಂತು. ಅದರಲ್ಲಿ 768 ಭಾಗ. 2023ರ ಜೂನ್‌ನಲ್ಲಿ ಬಂದ ಆರ್.ಟಿ.ಎಕ್ಸ್. 4060ರಲ್ಲಿ 3072. ಇದೂ ನಾಲ್ಕು ಪಟ್ಟು. ಕಾರ್ಡಿನ ಮೇಲೆ ಅದಕ್ಕೇ ಬೇರೆ ಮೆಮೊರಿ ಇರುತ್ತದೆ. ಮೊದಲನೆಯದರಲ್ಲಿ 4 ಜಿ.ಬಿ., ಎರಡನೆಯದರಲ್ಲಿ 8 ಜಿ.ಬಿ.

ಆದರೆ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಬರುವುದಿಲ್ಲವೇ? ಬರುತ್ತದೆ. ನಮ್ಮ ಶಾಲೆಯ ಎರಡೂ ಕಂಪ್ಯೂಟರಿನಲ್ಲಿ ಬೇರೆ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗೇ ಚಿತ್ರ ಬರೆಯುವ ಒಂದು ಸಣ್ಣ ಭಾಗ ಇದೆ. ಪಾಠ ನೋಡೋಕೆ, ಟೈಪ್ ಮಾಡೋಕೆ ಅದು ಧಾರಾಳ ಸಾಕು.

ರಾಜಾಜಿನಗರದ ಲೆಕ್ಕದ ಪುಸ್ತಕ

ನನಗೆ ಈ ವಿಷಯ ಗೊತ್ತಾಗಿದ್ದು ಬೆಂಗಳೂರಿನ ರಾಜಾಜಿನಗರದಲ್ಲಿರುವ ನಮ್ಮ ಅತ್ತೆ ಮಗನಿಂದ. ಅವನು ಮದುವೆ, ಗೃಹಪ್ರವೇಶ, ನಾಮಕರಣದ ವೀಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಾನೆ. ನವರಂಗ್ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಬಾಗಿಲಿನ ಅಂಗಡಿ. ದಸರಾ ರಜೆಯಲ್ಲಿ ನಾನು ಅಲ್ಲಿ ಹತ್ತು ದಿನ ಇದ್ದೆ. ಅವನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ದುಡ್ಡಿನ ಲೆಕ್ಕ ಒಂದು ಕಡೆ, ಸಮಯದ ಲೆಕ್ಕ ಇನ್ನೊಂದು ಕಡೆ. ಯಾವ ವೀಡಿಯೋ, ಎಷ್ಟು ಹೊತ್ತಾಯಿತು, ಎಲ್ಲಿ ನಿಂತಿತು ಎಂದು ಬರೆದಿಟ್ಟಿದ್ದಾನೆ. ಆ ಪುಸ್ತಕ ಓದಿದರೆ ಕಾರ್ಡ್ ಯಾವಾಗ ಬದಲಾಯಿಸಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಅವನು 2017ರಲ್ಲಿ ನಾನು ಮೇಲೆ ಹೇಳಿದ ಜಿ.ಟಿ.ಎಕ್ಸ್. 1050 ಟಿ.ಐ. ತಗೊಂಡ. 2021ರಲ್ಲಿ ಕೆಲಸ ನಿಧಾನ ಅನಿಸಿ ಹೊಸದು ತರಬೇಕು ಅಂದುಕೊಂಡ. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದರೆ ಹಸಿರು ಮಾರ್ಗದಲ್ಲೇ ಮೆಜೆಸ್ಟಿಕ್, ಚಿಕ್ಕಪೇಟೆ ದಾಟಿ ಕೆ.ಆರ್. ಮಾರ್ಕೆಟ್ ಬರುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿನಲ್ಲೆಲ್ಲಾ ಹೆಸರಾದ ಬೀದಿ ಅದು. ಹೋಗಿ ವಿಚಾರಿಸಿದರೆ ಬೆಲೆ ಕೇಳಿ ತಲೆ ತಿರುಗಿತಂತೆ. ಆಗ ಪ್ರಪಂಚದಲ್ಲೆಲ್ಲಾ ಚಿಪ್ಪುಗಳ ಕೊರತೆ. ಅದರ ಜೊತೆಗೆ ಈಥೀರಿಯಂ ಎಂಬ ಕಂಪ್ಯೂಟರ್ ನಾಣ್ಯವನ್ನು ಗಳಿಸೋಕೆ ಜನ ಕಾರ್ಡುಗಳನ್ನು ರಾಶಿ ರಾಶಿ ಕೊಂಡು ಹಗಲು ರಾತ್ರಿ ಓಡಿಸುತ್ತಿದ್ದರು. 2021ರ ಫೆಬ್ರವರಿಯಲ್ಲಿ ಆರ್.ಟಿ.ಎಕ್ಸ್. 3060 ಬಂದಾಗ ಅಮೆರಿಕದಲ್ಲಿ ಕಂಪನಿ ಹೇಳಿದ ಬೆಲೆ 329 ಡಾಲರ್. ಆದರೆ ಆ ಬೆಲೆಗೆ ಯಾರಿಗೂ ಸುಲಭವಾಗಿ ಸಿಗಲಿಲ್ಲ. ಅಂಗಡಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಹೇಳುತ್ತಿದ್ದರು.

ಅವನು ಬರಿಗೈಲಿ ವಾಪಸ್ ಬಂದ. ಬಂದು ಸುಮ್ಮನೆ ಕೂರಲಿಲ್ಲ. ಮೂರು ಕೆಲಸ ಮಾಡಿದ.

ಒಂದನೆಯದು, ಕಂಪ್ಯೂಟರ್ ಬಿಚ್ಚಿ ಫ್ಯಾನುಗಳ ಧೂಳು ತೆಗೆದ. ಕಾರ್ಡ್ ಮೊದಲು 84 ಡಿಗ್ರಿ ಬಿಸಿ ಆಗುತ್ತಿತ್ತು, ಆಮೇಲೆ 71ಕ್ಕೆ ಇಳಿಯಿತು. ಬಿಸಿ ಜಾಸ್ತಿ ಆದರೆ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ವೇಗ ಕಮ್ಮಿ ಮಾಡಿಕೊಳ್ಳುತ್ತದೆ. ಬಿಸಿಲಲ್ಲಿ ಉಳುವ ಎತ್ತು ನಿಧಾನ ಆಗಲ್ವೇ, ಹಾಗೆ.

ಎರಡನೆಯದು, ತಿರುಗುವ ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿದ. ಒಂದು ಮದುವೆಯ ಕಡತ ತೆರೆಯೋಕೆ ಮೊದಲು ಆರು ನಿಮಿಷ, ಆಮೇಲೆ ಒಂದು ನಿಮಿಷವೂ ಇಲ್ಲ. ಅಂದರೆ ಅವನು ಕಾರ್ಡಿನ ತಪ್ಪು ಅಂದುಕೊಂಡಿದ್ದರಲ್ಲಿ ಅರ್ಧ ತಪ್ಪು ಡಿಸ್ಕಿನದ್ದು!

ಮೂರನೆಯದು, ತಿಂಗಳಿಗೆ ಸಾವಿರ ಸಾವಿರದಂತೆ ಡಬ್ಬಕ್ಕೆ ಹಾಕುತ್ತಾ ಬಂದ. ಸಾಲ ಮಾಡಲಿಲ್ಲ.

ಹೀಗೆ ಹಳೇ ಕಾರ್ಡಿನಲ್ಲೇ ಇನ್ನೆರಡು ವರ್ಷ ನಡೆಯಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿಯನ್ನು ಬದಲಾಯಿಸಿತು. ಅದನ್ನು ಗಳಿಸೋಕೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಅಂತಾಯಿತು. ಬೆಲೆ ಅದಕ್ಕೆ ಮೊದಲೇ ಇಳಿಯೋಕೆ ಶುರುವಾಗಿತ್ತು, ಆಮೇಲೆ ಇನ್ನೂ ಇಳಿಯಿತು. 2023ರ ಜೂನ್‌ನಲ್ಲಿ ಆರ್.ಟಿ.ಎಕ್ಸ್. 4060 ಬಂದಾಗ ಕಂಪನಿ ಬೆಲೆ 299 ಡಾಲರ್. 3060ಕ್ಕಿಂತ ವೇಗ ಹೆಚ್ಚು, ಬೆಲೆ ಕಡಿಮೆ, ಕರೆಂಟೂ ಕಡಿಮೆ. 3060ಕ್ಕೆ 170 ವ್ಯಾಟ್ ಬೇಕಾದರೆ ಇದಕ್ಕೆ 115 ಸಾಕು. ಮೆಮೊರಿ ಮಾತ್ರ 3060ರಲ್ಲಿ 12 ಜಿ.ಬಿ., ಇದರಲ್ಲಿ 8. ಎಲ್ಲದರಲ್ಲೂ ಹೊಸದೇ ಮೇಲು ಅಂತ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಆದರೂ ಅವನು ಬೆಲೆ ಇಳಿಯಿತು ಎಂದು ತಗೊಳ್ಳಲಿಲ್ಲ. ಪುಸ್ತಕ ನೋಡಿ ತಗೊಂಡ. ಆ ವರ್ಷದ ಹೊತ್ತಿಗೆ ಎಲ್ಲರೂ 4ಕೆ ವೀಡಿಯೋನೇ ಕೇಳೋಕೆ ಶುರು ಮಾಡಿದ್ದರು. ಹಳೇ ಕಾರ್ಡಿನ 4 ಜಿ.ಬಿ. ತುಂಬಿ ಹೋಗಿ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಮದುವೆ ಹೊರಬರೋಕೆ 11 ಗಂಟೆ. ರಾತ್ರಿ ಹಾಕಿ ಬೆಳಿಗ್ಗೆ ನೋಡಿದರೆ ನಿಂತಿರುತ್ತಿತ್ತು. ಮೂರು ಮದುವೆಯವರಿಗೆ "ಆಗಲ್ಲ" ಅಂತ ಹೇಳಿದ್ದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದೆ. ಆ ಮೂರು ಮದುವೆಯಿಂದ ಬರಬೇಕಾಗಿದ್ದ ದುಡ್ಡು ಕೂಡಿದರೆ ಕಾರ್ಡಿನ ಬೆಲೆಗಿಂತ ಹೆಚ್ಚು. ಆಗ, 2023ರ ಸೆಪ್ಟೆಂಬರಿನಲ್ಲಿ, ಮದುವೆ ಕಾಲ ಬರೋದಕ್ಕೆ ಮೊದಲು, ಮೂವತ್ತು ಸಾವಿರದ ಆಸುಪಾಸಿನಲ್ಲಿ 4060 ತಗೊಂಡ. ಡಬ್ಬದ ದುಡ್ಡಿಗೆ ಅಂಗಡಿಯ ಸಂಪಾದನೆ ಸೇರಿಸಿ ಕೊಟ್ಟ. ಈಗ ಅದೇ ಕೆಲಸ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಹಳೇ ಕಾರ್ಡನ್ನು ಮಾರಲಿಲ್ಲ, ಡಬ್ಬದಲ್ಲಿ ಇಟ್ಟಿದ್ದಾನೆ. "ಹೊಸದು ಕೆಟ್ಟರೆ ಮದುಮಗಳ ಮನೆಯವರು ಕಾಯಲ್ಲ" ಅಂತಾನೆ.

ಇದರಿಂದ ನಾವು ತಿಳಿಯಬೇಕಾದ್ದು

ಕೆಲವರು ಹೊಸದು ಬಂದ ಕೂಡಲೇ ಬದಲಾಯಿಸಬೇಕು ಅಂತಾರೆ. ಕೆಲವರು ಪೂರ್ತಿ ಕೆಡೋ ತನಕ ಮುಟ್ಟಬಾರದು ಅಂತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಹೊಸದು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಲೇ ಇರುತ್ತೆ, ಅದರ ಹಿಂದೆ ಓಡೋಕಾಗಲ್ಲ. ಪೂರ್ತಿ ಕೆಡೋ ತನಕ ಕಾದರೆ ಅಷ್ಟರಲ್ಲಿ ಕೆಲಸವೇ ಕೈತಪ್ಪಿ ಹೋಗಿರುತ್ತೆ. ಕಾದರೆ ಬೆಲೆ ಇಳಿಯುತ್ತೆ ಅಂತ ಯಾವಾಗಲೂ ಹೇಳೋಕೂ ಆಗಲ್ಲ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹೋಗಿ, ಸಾಮಾನ್ಯ ಜನರು ಕೊಳ್ಳುವ ಮೆಮೊರಿ ಬೆಲೆ ಒಂದೇ ಸಮನೆ ಏರಿತು. ಆದ್ದರಿಂದ ಬೆಲೆಯನ್ನು ನೋಡಿ ಅಲ್ಲ, ಕೆಲಸವನ್ನು ನೋಡಿ ತೀರ್ಮಾನ ಮಾಡಬೇಕು.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು:

1. ನಿಂತಿರುವ ಕೆಲಸ ಯಾವುದು? ಅದರ ಹೆಸರು ಹೇಳೋಕೆ ಬರಬೇಕು. ಸುಮ್ಮನೆ "ಸ್ಲೋ ಆಗಿದೆ" ಅಂದರೆ ಸಾಲದು.

2. ನಿಲ್ಲಿಸುತ್ತಿರುವುದು ಕಾರ್ಡೇನಾ? ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟು ಶೇಕಡಾ ದುಡಿಯುತ್ತಿವೆ ಎಂದು ಕಾಣುತ್ತದೆ. ಕಾರ್ಡಿದ್ದರೆ ಅದೂ ಕಾಣುತ್ತದೆ. ಯಾವುದು 100ಕ್ಕೆ ಮುಟ್ಟಿದೆಯೋ ಅದೇ ಕಳ್ಳ. ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಹೇಳ್ತೀನಿ. ಬೋರ್‌ವೆಲ್ಲಿನಲ್ಲಿ ಒಂದಿಂಚು ನೀರಿದ್ದಾಗ ಹತ್ತು ಎಚ್.ಪಿ. ಮೋಟಾರ್ ಇಳಿಸಿದರೆ ನಾಲ್ಕಿಂಚು ನೀರು ಬರುತ್ತಾ? ಮೋಟಾರ್ ಸುಟ್ಟು ಹೋಗುತ್ತೆ ಅಷ್ಟೇ.

3. ದುಡ್ಡಿಲ್ಲದೆ ಆಗುವ ರಿಪೇರಿ ಎಲ್ಲಾ ಮುಗಿದಿದೆಯಾ? ಧೂಳು ತೆಗೆಯೋದು, ಆಟದಲ್ಲಿ ಚಿತ್ರದ ಗುಣಮಟ್ಟ ಇಳಿಸೋದು, ಡ್ರೈವರ್ ಹೊಸದು ಹಾಕೋದು. ಇವಕ್ಕೆ ಒಂದು ರೂಪಾಯಿಯೂ ಬೇಡ.

4. ಕಾರ್ಡಿನ ಜೊತೆ ಇನ್ನೇನು ಬೇಕಾಗುತ್ತೆ? ದೊಡ್ಡ ಕಾರ್ಡಿಗೆ ದೊಡ್ಡ ಪವರ್ ಸಪ್ಲೈ ಬೇಕು. ಡಬ್ಬದೊಳಗೆ ಉದ್ದ ಸಾಲಬೇಕು. ಆಮೇಲೆ ಕರೆಂಟು. 115 ವ್ಯಾಟಿನ ಕಾರ್ಡ್ ದಿನಕ್ಕೆ 8 ಗಂಟೆ ಪೂರ್ತಿ ದುಡಿದರೆ 26 ದಿನಕ್ಕೆ ಸುಮಾರು 24 ಯೂನಿಟ್. 170 ವ್ಯಾಟಿನದು ಸುಮಾರು 35. ಮನೆಯಲ್ಲಿ ಗೃಹಜ್ಯೋತಿ ಇರುವವರು ನೆನಪಿಡಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅಂಗಡಿಗೆ ಗೃಹಜ್ಯೋತಿ ಇಲ್ಲವೇ ಇಲ್ಲ.

5. ಈ ಕಾರ್ಡಿಗೆ ಇನ್ನೆಷ್ಟು ವರ್ಷ ಆಯುಸ್ಸು? ಎನ್ವಿಡಿಯಾದವರು 1050 ಟಿ.ಐ. ಇರುವ ಆ ಇಡೀ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡೋದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿದರು. ಭದ್ರತೆಯ ತಿದ್ದುಪಡಿ ಮಾತ್ರ 2028ರ ಅಕ್ಟೋಬರ್ ತನಕ ಕೊಡ್ತೀವಿ ಅಂದಿದ್ದಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡಲೇಬೇಕು. ಜೊತೆಗೆ, ಕಣ್ಣೆದುರಿಗೇ ಅರ್ಧ ಗಂಟೆ ಓಡಿಸಿ ತೋರಿಸಿ ಅಂತ ಕೇಳಬೇಕು. ಬಿಲ್ಲು, ವಾರಂಟಿ ಕೇಳಬೇಕು. ಯಾಕಂದ್ರೆ ನಾಣ್ಯ ಗಳಿಸೋಕೆ ವರ್ಷಗಟ್ಟಲೆ ಓಡಿಸಿದ ಕಾರ್ಡುಗಳೂ ಸಂತೆಗೆ ಬಂದಿವೆ. ಮುದಿ ಎತ್ತಿಗೆ ಕೊಂಬು ಸವರಿ ಮಾರಿದ ಹಾಗೆ.

ಐದಕ್ಕೂ ಸರಿಯಾದ ಉತ್ತರ ಸಿಕ್ಕರೆ ಆಗ ತಗೊಳ್ಳಿ, ಹಿಂದೆ ಮುಂದೆ ನೋಡಬೇಡಿ.

ಈಗ ನಮ್ಮ ಶಾಲೆಯ ವಿಷಯ

ನಮ್ಮ ಕಂಪ್ಯೂಟರಿಗೆ ಈ ಐದು ಪ್ರಶ್ನೆ ಹಾಕಿ ನೋಡೋಣ. ಮೇಷ್ಟ್ರ ಅಪ್ಪಣೆ ಪಡೆದು ನಾವು ನಾಲ್ಕು ಜನ ಒಂದು ವಾರ ಟಾಸ್ಕ್ ಮ್ಯಾನೇಜರ್ ನೋಡಿ ಬರೆದೆವು. ಎರಡೂ ಕಂಪ್ಯೂಟರಿನಲ್ಲಿ ಆನ್ ಮಾಡಿದ ಮೊದಲ ಹದಿನೈದು ನಿಮಿಷ ಡಿಸ್ಕ್ 100ರಲ್ಲೇ ನಿಂತಿರುತ್ತೆ. 40 ನಿಮಿಷದ ಪಿರಿಯಡ್ಡಿನಲ್ಲಿ ಹದಿನೈದು ನಿಮಿಷ ಅಲ್ಲೇ ಹೋಯಿತು! ಒಂದು ಕಂಪ್ಯೂಟರಿಗೆ ಹತ್ತು ಜನ ಕೂತಿರುತ್ತೇವೆ. ಉಳಿದ 25 ನಿಮಿಷವನ್ನು ಹತ್ತು ಜನಕ್ಕೆ ಹಂಚಿದರೆ ತಲಾ ಎರಡೂವರೆ ನಿಮಿಷ. ಹಿಂದಿನ ಬೆಂಚಿನ ಹುಡುಗಿಯರಿಗೆ ಮೌಸ್ ಸಿಗುವಷ್ಟರಲ್ಲಿ ಗಂಟೆ ಹೊಡೆಯುತ್ತೆ. ಇನ್ನು ಯು.ಪಿ.ಎಸ್. ಬ್ಯಾಟರಿ ಸತ್ತು ಹೋಗಿದೆ. ಕರೆಂಟ್ ಹೋದರೆ ಬರೆದಿದ್ದೂ ಹೋಯಿತು, ಮತ್ತೆ ಆನ್ ಮಾಡಿದರೆ ಮತ್ತೆ ಹದಿನೈದು ನಿಮಿಷ.

ಆದ್ದರಿಂದ ನಮ್ಮಲ್ಲಿ ಕಳ್ಳ ಡಿಸ್ಕು. ಕಾರ್ಡ್ ತಂದು ಹಾಕಿದರೂ ಆ ಹದಿನೈದು ನಿಮಿಷದಲ್ಲಿ ಒಂದು ನಿಮಿಷವೂ ಕಮ್ಮಿ ಆಗಲ್ಲ. ಎರಡು ಎಸ್.ಎಸ್.ಡಿ. ಮತ್ತು ಯು.ಪಿ.ಎಸ್. ಬ್ಯಾಟರಿ 12,000ದ ಒಳಗೆ ಬರುತ್ತೆ, ಸ್ವಲ್ಪ ಉಳಿಯುತ್ತೆ ಅಂತ ಮೇಷ್ಟ್ರು ತಾಲ್ಲೂಕಿನಲ್ಲಿ ವಿಚಾರಿಸಿ ಬಂದಿದ್ದಾರೆ. ಇದರಿಂದ ಲಾಭ ಎಲ್ಲ ಮಕ್ಕಳಿಗೂ. ಕಾರ್ಡ್ ತಂದರೆ ಒಂದೇ ಕಂಪ್ಯೂಟರಿಗೆ, ಅದರಲ್ಲೂ ಮೌಸ್ ಹಿಡಿದು ಬಿಡದವರಿಗೆ.

ಇನ್ನೊಂದು ವಿಷಯ. ನಮ್ಮ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 10. ಅದಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಕೆ ನಮ್ಮ ಪ್ರೊಸೆಸರ್ ಹಳೆಯದಾಯಿತು. ಬೀಳುವ ಮನೆಗೆ ತೇಗದ ಬಾಗಿಲು ಯಾಕೆ? ಇದಕ್ಕೂ ದುಡ್ಡಿಲ್ಲದ ದಾರಿ ಇದೆ. ಕೇರಳದ ಶಾಲೆಗಳಲ್ಲಿ ಬಹಳ ವರ್ಷದಿಂದ ಉಚಿತವಾದ ಲಿನಕ್ಸ್ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ಮಾಡುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಆಗುತ್ತೆ ಅಂದ ಮೇಲೆ ನಮಗೂ ಆಗುತ್ತೆ.

ಎದುರು ಪಕ್ಷದ ಮಾತು

ಕಾರ್ಡ್ ಬೇಕು ಅನ್ನುವವರ ಮಾತಿನಲ್ಲೂ ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲರೂ ಆಟಕ್ಕೆ ಕೇಳುತ್ತಿಲ್ಲ. ನಮ್ಮ ತರಗತಿಯ ಒಬ್ಬ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ನಮ್ಮೂರ ರಥವನ್ನು ಮಾಡುತ್ತಿದ್ದಾನೆ. ಚಕ್ರ, ಕಳಸ ಎಲ್ಲಾ ತಿರುಗಿಸಿ ನೋಡಬಹುದು. ನಾನೂ ನೋಡಿದ್ದೇನೆ, ತುಂಬಾ ಚೆನ್ನಾಗಿದೆ. ಆದರೆ ರಥಕ್ಕೆ ಬಾವುಟ ಕಟ್ಟುವ ಹೊತ್ತಿಗೆ ಕಂಪ್ಯೂಟರ್ ನಿಂತು ಹೋಗುತ್ತೆ. "ನಿನ್ನ ಎಸ್.ಎಸ್.ಡಿ.ಯಿಂದ ನನ್ನ ರಥ ಎಳೆಯುತ್ತಾ?" ಅಂತ ಅವನು ಕೇಳಿದ. ಪ್ರಶ್ನೆ ನ್ಯಾಯವಾಗಿದೆ. ಎಳೆಯುವುದಿಲ್ಲ. ಬ್ಲೆಂಡರ್ 4.0ಯಿಂದ ಈಚಿನವು ಓಪನ್ ಜಿ.ಎಲ್. 4.3 ಕೇಳುತ್ತವೆ. ನಮ್ಮ ಕಂಪ್ಯೂಟರಿನಲ್ಲಿ ಅವು ತೆರೆಯೋದೇ ಇಲ್ಲ. 3.3 ಸಾಕು ಅನ್ನುವ ಹಳೇ 3.6 ಮಾತ್ರ ತೆರೆಯುತ್ತೆ, ಅದೂ ನಿಧಾನ.

ಅವನಿಗೆ ನನ್ನ ಉತ್ತರ ಇದು. ಕಂಪ್ಯೂಟರ್ ಕೋಣೆಯಲ್ಲಿ ಒಂದು ಪುಸ್ತಕ ಇಡೋಣ. ಯಾರು ಯಾವ ಕೆಲಸ ಮಾಡಿದರು, ಎಲ್ಲಿ ನಿಂತಿತು ಎಂದು ಎಲ್ಲರೂ ಬರೆಯಲಿ. ಉಳಿದ ದುಡ್ಡನ್ನು ಖರ್ಚು ಮಾಡದೆ ಮುಖ್ಯೋಪಾಧ್ಯಾಯರ ಹತ್ತಿರ ಇಡೋಣ. ಒಂದು ವರ್ಷದಲ್ಲಿ ರಥ ಮಾಡುವವರು ಒಬ್ಬನಿಂದ ಹತ್ತು ಜನ ಆಗಿ, ಪುಸ್ತಕದಲ್ಲಿ ಮತ್ತೆ ಮತ್ತೆ "ಚಿತ್ರದ ಕಡೆ ನಿಂತಿತು" ಎಂದೇ ಬಂದರೆ, ಆ ಪುಸ್ತಕವನ್ನೇ ಸಭೆಯ ಮುಂದೆ ಇಡಬಹುದು. ಹಳೆಯ ವಿದ್ಯಾರ್ಥಿಗಳಿಗೂ ತೋರಿಸಬಹುದು. "ಬೇಕು ಬೇಕು" ಅಂತ ಕೂಗುವುದಕ್ಕಿಂತ ಬರೆದಿಟ್ಟ ಲೆಕ್ಕಕ್ಕೆ ಹಿರಿಯರು ಬೆಲೆ ಕೊಡುತ್ತಾರೆ.

ನಾವು ಏಳನೇ ತರಗತಿಯವರು. ಮುಂದಿನ ವರ್ಷ ಹೈಸ್ಕೂಲಿಗೆ ಹೋಗುತ್ತೇವೆ. ಕಾರ್ಡ್ ತಂದರೂ ನಮಗೆ ಸಿಗೋದು ಕೆಲವೇ ತಿಂಗಳು. ಅದಕ್ಕೇ ಬೇಗ ತರಲಿ ಅಂತ ನಮ್ಮವರಿಗೆ ಆತುರ, ಅದು ನನಗೂ ಅರ್ಥ ಆಗುತ್ತೆ. ಆದರೆ ಈ ದುಡ್ಡು ನಾಲ್ಕನೇ, ಐದನೇ ತರಗತಿಯವರದ್ದೂ ಹೌದು. ಅವರಿಗೆ ಇನ್ನೂ ಮೂರು ವರ್ಷ ಇದೇ ಕಂಪ್ಯೂಟರ್. ಅವರ ಪಾಲಿನ ಹದಿನೈದು ನಿಮಿಷವನ್ನು ಅವರಿಗೆ ವಾಪಸ್ ಕೊಡಿಸುವುದೇ ಮೊದಲ ಕೆಲಸ ಎಂದು ನನ್ನ ಅಭಿಪ್ರಾಯ.

ಒಪ್ಪದವರು ಪಕ್ಕದಲ್ಲಿ ಅಂಟಿಸಿರುವ ಖಾಲಿ ಹಾಳೆಯಲ್ಲಿ ಕಾರಣ ಸಮೇತ ಬರೆಯಿರಿ. ರಥ ಮಾಡುವವನು ಮೊದಲು ಬರೆಯಲಿ. ದಯವಿಟ್ಟು ಪೆನ್ಸಿಲಿನಲ್ಲಿ ಗೀಚಬೇಡಿ, ಶಾಯಿಯಲ್ಲಿ ಬರೆಯಿರಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ